ಆಟದ ಪುಟದಲ್ಲಿ ಹೆಣ್ಣಿನ ಲೇಖನಿ

ಕನ್ನಡದಲ್ಲಿ ‘ಆಟ’ ಎಂಬುದು ಬಹು ವಿಶಾಲವಾದ ಮಾತು. ಹುಡುಗರು ಬೀದಿಯಲ್ಲಿ ಆಡುವ ಚಿಣ್ಣಿದಾಂಡು ಆಟ. ಹೆಂಗಸರು ಜಗಲಿಯ ಮೇಲೆ ಕುಳಿತು ಆಡುವ ಚೌಕಾಬಾರವೂ ಅಳಗುಳಿಮಣೆಯೂ ಆಟ. ಇರುಳೆಲ್ಲ ದೀಪ ಹಚ್ಚಿ ಬಯಲಿನಲ್ಲಿ ನಡೆಸುವ ನಾಟಕವೂ ಆಟವೇ. ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ‘ಇವತ್ತು ಆಟ ಇದೆಯಂತೆ’ ಎಂದರೆ ಅದು ಯಾವ ಆಟ ಎಂದು ಮತ್ತೊಮ್ಮೆ ಕೇಳಬೇಕಾಗುತ್ತಿತ್ತು. ಇಷ್ಟು ಬಗೆಯ ಆಟಗಳಲ್ಲಿ ಜಗಲಿಯ ಮೇಲಿನವು ಹೆಣ್ಣಿನವು, ಬಯಲಿನವು ಗಂಡಿನವು ಎಂಬ ಒಂದು ಪಾಲು ಬಹುಕಾಲದಿಂದ ನಡೆದುಬಂದಿತ್ತು. ಬಯಲಿನಲ್ಲಿ ಆಡುವುದಕ್ಕೆ ಹೆಣ್ಣು ಬಂದದ್ದು ತಡವಾಗಿ. ಬಯಲಿನ ಆಟವನ್ನು ಕಂಡು ಪತ್ರಿಕೆಗೆ ಬರೆಯುವುದಕ್ಕೆ ಆಕೆ ಬಂದದ್ದು ಇನ್ನೂ ತಡವಾಗಿ. ಈ ಎರಡನೆಯ ಬರವಿನ ಕಥೆಯನ್ನು ಇಂದು ಶ್ರೋತೃಗಳ ಮುಂದಿಡುವುದು ನನ್ನ ಉದ್ದೇಶ.

ನಮ್ಮ ಕಡಬ ಗುಬ್ಬಿ ತಾಲ್ಲೂಕಿನದು. ಶಿಂಷಾ ನದಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ದೊಡ್ಡ ಕೆರೆ, ಅದರ ಬದಿಯ ಊರು. ಚರಿತ್ರೆಯನ್ನು ಓದಿದವರಿಗೆ ಈ ಊರಿನ ಹೆಸರು ಬೇರೊಂದು ಕಾರಣದಿಂದ ಪರಿಚಿತ. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ, ಶಕವರ್ಷ 735ರ ದಾನವೊಂದನ್ನು ಹೇಳುವ ತಾಮ್ರಪಟಗಳು ‘ಕಡಬದ ಶಾಸನ’ವೆಂದೇ ವಿದ್ವಾಂಸರಲ್ಲಿ ಪ್ರಸಿದ್ಧವಾಗಿವೆ. ಅರ್ಕಕೀರ್ತಿಯೆಂಬ ಜೈನಮುನಿಗೆ ಒಂದು ಗ್ರಾಮವನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ನಮ್ಮ ನೆರೆಯ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನ ಹೆಸರೂ ಇದೆ. ಸಾವಿರದ ಇನ್ನೂರು ವರ್ಷಗಳ ಹಿಂದಿನ ಒಬ್ಬ ಮುನಿಯನ್ನೂ ಒಬ್ಬ ಅಧಿಕಾರಿಯನ್ನೂ ನಾವು ಇಂದು ಹೆಸರು ಹಿಡಿದು ಕರೆಯಬಲ್ಲೆವೆಂದರೆ, ಯಾರೋ ಕುಳಿತು ಅದನ್ನು ತಾಮ್ರದ ಮೇಲೆ ಕೊರೆದರೆಂಬುದೇ ಕಾರಣ. ಬರೆದದ್ದು ಉಳಿಯುತ್ತದೆ, ಬರೆಯದೆ ಬಿಟ್ಟದ್ದು ಅಳಿಯುತ್ತದೆ. ರಾಜರ ದಾನದ ವಿಷಯದಲ್ಲಿ ನಿಜವಾದ ಈ ಮಾತು ಆಟದ ವಿಷಯದಲ್ಲಿ ಇನ್ನೂ ಹೆಚ್ಚು ನಿಜ. ಏಕೆಂದರೆ ದಾನ ಕೊಟ್ಟ ಭೂಮಿಯಾದರೂ ಕಣ್ಣಿಗೆ ಕಾಣುತ್ತಿರುತ್ತದೆ. ಆಟ ಮುಗಿದ ಸಂಜೆಗೆ ಮೈದಾನದಲ್ಲಿ ಧೂಳಲ್ಲದೆ ಮತ್ತೇನೂ ಉಳಿದಿರುವುದಿಲ್ಲ.

ಹೆಣ್ಣು ಸಾರ್ವಜನಿಕವಾದ ಆಟಕ್ಕೆ ಇಳಿಯುವುದೆಂದರೆ ಏನೆಂಬುದನ್ನು ಗುಬ್ಬಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1884ರಲ್ಲಿ ಆರಂಭವಾದ ಗುಬ್ಬಿಯ ನಾಟಕ ಕಂಪನಿಯಲ್ಲಿ ಮೊದಮೊದಲು ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಮುಂದೆ ವೀರಣ್ಣನವರ ಕಾಲದಲ್ಲಿ ಬಿ. ಜಯಮ್ಮ ಮೊದಲಾದ ನಟಿಯರು ರಂಗದ ಮೇಲೆ ಬಂದು ಜನಮನ್ನಣೆ ಗಳಿಸಿದರು. ‘ಹೆಂಗಸರು ರಂಗವೇರಿದರೆ ಮರ್ಯಾದೆ ಉಳಿಯುತ್ತದೆಯೇ?’ ಎಂಬುದು ಆ ಕಾಲದ ಪ್ರಶ್ನೆ. ಈ ಪ್ರಶ್ನೆಯೇ ವೇಷ ಬದಲಿಸಿಕೊಂಡು ಮುಂದೆ ಕ್ರೀಡಾಂಗಣದ ಬಾಗಿಲಲ್ಲಿಯೂ, ಅನಂತರ ಪತ್ರಕರ್ತರ ಗ್ಯಾಲರಿಯ ಬಾಗಿಲಲ್ಲಿಯೂ ನಿಂತಿತು.

ಕನ್ನಡದಲ್ಲಿ ಹೆಣ್ಣುಮಕ್ಕಳು ಪತ್ರಿಕೋದ್ಯಮಕ್ಕೆ ತಡವಾಗಿ ಬಂದರೆಂದು ಹೇಳುವಂತಿಲ್ಲ. ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯ ಕಳೆಯುವ ಮುನ್ನವೇ ವೈಧವ್ಯಕ್ಕೆ ಗುರಿಯಾದ ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು; 1916ರಲ್ಲಿ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು; 1922ರಲ್ಲಿ ‘ಸನ್ಮಾರ್ಗದರ್ಶಿನಿ’ಯನ್ನು ತಂದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂರೂ ತಾವೇ. ಅವರ ಬೆನ್ನಿಗೇ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ ಪತ್ರಿಕೆಯನ್ನು ಪ್ರಾರಂಭಿಸಿ ನಲವತ್ತೆರಡು ವರ್ಷಗಳ ಕಾಲ ನಡೆಸಿಕೊಂಡು ಬಂದರು. ಕಲ್ಯಾಣಮ್ಮನವರು ಅಲ್ಲಿಗೇ ನಿಲ್ಲದೆ 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಮಗುವಿಗೆ ಪಾಠದಷ್ಟೇ ಆಟವೂ ಬೇಕೆಂಬ ತಿಳಿವಳಿಕೆ ಆ ಸಂಸ್ಥೆಯ ಬೇರಿನಲ್ಲಿದೆ.

ಆದರೆ ಈ ಮಹನೀಯರು ತೆರೆದದ್ದು ತಮ್ಮದೇ ಪತ್ರಿಕೆಗಳ ಬಾಗಿಲನ್ನು. ಗಂಡಸರು ನಡೆಸುತ್ತಿದ್ದ ದಿನಪತ್ರಿಕೆಯ ಕಚೇರಿಯೊಳಗೆ ಹೆಣ್ಣೊಬ್ಬಳು ಕುರ್ಚಿ ಪಡೆಯುವುದು ಬೇರೆಯ ಮಾತು. ಅಲ್ಲಿಯೂ ಒಂದು ಕ್ರಮವಿತ್ತು. ಮಹಿಳಾ ಪುಟ, ಮಕ್ಕಳ ಪುಟ, ಸಂಗೀತ, ಪುಸ್ತಕ ಇವು ಮೊದಲು ದೊರೆತವು. ರಾಜಕೀಯ, ಅಪರಾಧ, ವಾಣಿಜ್ಯ ಆಮೇಲೆ. ಕಟ್ಟಕಡೆಗೆ ಉಳಿದದ್ದು ಆಟದ ಪುಟ. ಇದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಆಟದ ವರದಿ ಮುಗಿಯುವುದು ರಾತ್ರಿ. ಮನೆಗೆ ಮರಳುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಕ್ರೀಡಾಂಗಣಗಳನ್ನು ಕಟ್ಟುವಾಗ ಪತ್ರಕರ್ತರ ಗ್ಯಾಲರಿಯಲ್ಲಿ ಹೆಂಗಸರೂ ಕೂರಬಹುದೆಂದು ಯಾರೂ ಎಣಿಸಿರುತ್ತಿರಲಿಲ್ಲ. ಅವರಿಗೆ ಒಂದು ಶೌಚಗೃಹ ಬೇಕೆಂಬುದೂ ಯಾರ ಲೆಕ್ಕದಲ್ಲಿಯೂ ಇರುತ್ತಿರಲಿಲ್ಲ. ಆಟಗಾರನ ಮಾತು ಸಿಗುತ್ತಿದ್ದದ್ದು ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ. ಇವೆಲ್ಲಕ್ಕೂ ಮಿಗಿಲಾಗಿ, ‘ಆಡದವಳಿಗೆ ಆಟ ಏನು ತಿಳಿದೀತು?’ ಎಂಬ ಒಂದು ಪ್ರಶ್ನೆ ಸದಾ ಸಿದ್ಧವಾಗಿರುತ್ತಿತ್ತು.

ಆ ಪ್ರಶ್ನೆಗೆ ಆಮೇಲೆ ಬರೋಣ. ಹೆಣ್ಣುಮಕ್ಕಳು ಆಡುತ್ತಲೇ ಇರಲಿಲ್ಲವೇ? ಆಡುತ್ತಿದ್ದರು. 1960ರಿಂದ 1967ರವರೆಗಿನ ಅವಧಿಯಲ್ಲಿ ಅಂದಿನ ಮೈಸೂರು ರಾಜ್ಯದ ಮಹಿಳಾ ಹಾಕಿ ತಂಡ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಆ ತಂಡದ ಬೆನ್ನೆಲುಬಾಗಿದ್ದವರು ಬೆಂಗಳೂರಿನ ಬ್ರಿಟ್ಟೋ ಸಹೋದರಿಯರಾದ ಎಲ್ವೆರಾ, ರೀಟಾ ಮತ್ತು ಮೇ. ಎಲ್ವೆರಾ ಬ್ರಿಟ್ಟೋ ಅವರಿಗೆ 1965ರ ಅರ್ಜುನ ಪ್ರಶಸ್ತಿ ಬಂದಿತು; 2022ರಲ್ಲಿ ಅವರು ತೀರಿಕೊಂಡರು. ಇನ್ನು ಕ್ರಿಕೆಟ್. ಭಾರತದ ಮಹಿಳಾ ತಂಡ ತನ್ನ ಮೊತ್ತಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1976ರ ಅಕ್ಟೋಬರ್ 31ರಂದು ಆರಂಭವಾಗಿ, ವೆಸ್ಟ್ ಇಂಡೀಸ್ ತಂಡದ ಎದುರು. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಾಟ್ನಾದಲ್ಲಿ ಅವರ ತಂಡ ಮೊದಲ ಗೆಲುವನ್ನೂ ಪಡೆಯಿತು. 1977ರಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಅವರು ಹೊಡೆದ 108 ಓಟಗಳು ಭಾರತೀಯ ಮಹಿಳೆಯೊಬ್ಬಳ ಮೊದಲ ಟೆಸ್ಟ್ ಶತಕ. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರರ ಒಂದೊಂದು ದಿನದ ಆಟವನ್ನೂ ಇಂದಿಗೂ ಬಾಯಿಪಾಠ ಒಪ್ಪಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅದೇ ದಶಕದ, ಅದೇ ಊರಿನ ಶಾಂತಾ ರಂಗಸ್ವಾಮಿಯವರ ಒಂದು ಇನಿಂಗ್ಸನ್ನು ಹಾಗೆ ಬಣ್ಣಿಸಬಲ್ಲವರು ಎಷ್ಟು ಮಂದಿ? ಆಟದಲ್ಲಿ ಕೊರತೆಯಿರಲಿಲ್ಲ. ಆಟವನ್ನು ಕಂಡು, ಕೇಳಿ, ಬರೆದು ಮನೆಮನೆಗೆ ಮುಟ್ಟಿಸುವ ಏರ್ಪಾಟಿನಲ್ಲಿ ಕೊರತೆಯಿತ್ತು.

ಇದು ನಮ್ಮ ದೇಶದ ಕಥೆ ಮಾತ್ರವೇ ಅಲ್ಲ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ಎಂಬ ಪಟ್ಟಣದಲ್ಲಿ ಮೇರಿ ಗಾರ್ಬರ್ ಎಂಬ ಪತ್ರಕರ್ತೆಯಿದ್ದರು. ಔತಣಕೂಟ, ಮದುವೆಗಳ ಸುದ್ದಿ ಬರೆಯುತ್ತಿದ್ದ ಅವರನ್ನು 1944ರಲ್ಲಿ, ಗಂಡಸರೆಲ್ಲ ಯುದ್ಧಕ್ಕೆ ಹೋದ ಕಾರಣ, ಕ್ರೀಡಾ ವಿಭಾಗಕ್ಕೆ ಕಳುಹಿಸಿದರು. ಯುದ್ಧ ಮುಗಿದ ಮೇಲೆ ಸ್ವಲ್ಪ ಕಾಲ ಸುದ್ದಿ ವಿಭಾಗಕ್ಕೆ ಮರಳಿದರೂ ಅವರು ಮತ್ತೆ ಕ್ರೀಡಾ ವಿಭಾಗಕ್ಕೇ ಬಂದರು. ಪತ್ರಕರ್ತರ ಗ್ಯಾಲರಿಗೆ ಬಿಡದೆ ಹೆಂಡಂದಿರು ಕುಳಿತುಕೊಳ್ಳುವ ಸಾಲಿನಲ್ಲಿ ಅವರನ್ನು ಕೂರಿಸಿದ್ದೂ ಉಂಟು. ಆದರೂ ಅವರು ಎಡೆಬಿಡದೆ ಬರೆದರು. ಕರಿಯರ ಶಾಲೆ ಕಾಲೇಜುಗಳ ಆಟವನ್ನು ಬಿಳಿಯರ ಪತ್ರಿಕೆಗಳು ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಗಾರ್ಬರ್ ಅಲ್ಲಿಗೆ ಹೋಗಿ, ಆ ಮಕ್ಕಳ ಹೆಸರನ್ನು ಅಚ್ಚಿಗೆ ತಂದರು. ಹೊರಗೆ ನಿಂತು ಕಾಯುವುದೆಂದರೇನೆಂದು ತಿಳಿದವರಿಗೆ ಹೊರಗೆ ನಿಂತ ಇತರರು ಬೇಗ ಕಾಣಿಸುತ್ತಾರೆ. 2005ರಲ್ಲಿ, ಅವರ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕದ ಕ್ರೀಡಾ ಸಂಪಾದಕರ ಸಂಘ ಕೊಡುವ ರೆಡ್ ಸ್ಮಿತ್ ಪ್ರಶಸ್ತಿ ಅವರಿಗೆ ಬಂತು. ಅದನ್ನು ಪಡೆದ ಮೊದಲ ಮಹಿಳೆ ಅವರು.

ಮೇರಿ ಗಾರ್ಬರ್ ತಾಳ್ಮೆಯಿಂದ ಸಾಧಿಸಿದ್ದನ್ನು ಮೆಲಿಸ್ಸಾ ಲಡ್ಕಿ ನ್ಯಾಯಾಲಯದಲ್ಲಿ ಸಾಧಿಸಿದರು. 1977ರ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ, ಪುರುಷ ವರದಿಗಾರರೆಲ್ಲ ಆಟಗಾರರ ಕೋಣೆಗೆ ಹೋಗಿ ಮಾತನಾಡಿಸುತ್ತಿರುವಾಗ ಇವರನ್ನು ಮಾತ್ರ ಹೊರಗೆ ನಿಲ್ಲಿಸಲಾಯಿತು. ಮೊಕದ್ದಮೆ ನಡೆದು 1978ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರು ಲಡ್ಕಿಯ ಪರವಾಗಿ ತೀರ್ಪಿತ್ತರು. ಯಾಂಕಿ ಕ್ರೀಡಾಂಗಣ ನ್ಯೂಯಾರ್ಕ್ ನಗರದ ಸ್ವತ್ತು. ಆದ್ದರಿಂದ ಅಲ್ಲಿ ಲಿಂಗಭೇದ ಮಾಡುವುದು ಸಂವಿಧಾನದ ಸಮಾನ ರಕ್ಷಣೆಯ ವಿಧಿಗೆ ವಿರುದ್ಧ ಎಂಬುದು ಆ ತೀರ್ಪಿನ ತಿರುಳು. ಆಟಗಾರರ ಮಾನ ಕಾಪಾಡಲು ಬಾಗಿಲಿಗೊಂದು ಪರದೆ, ಸೊಂಟಕ್ಕೊಂದು ಟವೆಲು ಇದ್ದರೆ ಸಾಕು. ಅದಕ್ಕಾಗಿ ಒಬ್ಬಳ ಜೀವನೋಪಾಯವನ್ನು ಕಸಿಯಬೇಕಾಗಿಲ್ಲ ಎಂಬ ಸರಳ ವಿವೇಕವೂ ಅದರೊಳಗಿತ್ತು.

ಭಾರತದಲ್ಲಿ ಆಟವನ್ನು ವಿವರಿಸುವ ಹೆಣ್ಣುದನಿ ಮೊದಲು ಕೇಳಿಬಂದದ್ದು ವೀಕ್ಷಕ ವಿವರಣೆಯಲ್ಲಿ. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು ಅವರು 1970ರ ದಶಕದ ಉತ್ತರಾರ್ಧದಲ್ಲಿ ಇಂದೋರಿನಲ್ಲಿ ಕ್ರಿಕೆಟ್ ಪಂದ್ಯವೊಂದಕ್ಕೆ ವೀಕ್ಷಕ ವಿವರಣೆ ನೀಡಿದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅವರು ಈ ರಂಗದಲ್ಲಿ ಭಾರತದ ಮೊದಲ ಮಹಿಳೆಯೆಂದು ಗುರುತಿಸಲ್ಪಟ್ಟಿದ್ದಾರೆ, 2021ರಲ್ಲಿ ತೀರಿಕೊಂಡರು. ದನಿ ಬಂದ ಮೇಲೆ ಲೇಖನಿ ಬರಬೇಕಷ್ಟೆ. ಆ ಲೇಖನಿಯನ್ನು ಜೀವನವೃತ್ತಿಯಾಗಿ ಹಿಡಿದು ಮೂರು ದಶಕಗಳಿಗೂ ಮೀರಿ ನಡೆಸಿದವರಲ್ಲಿ ಎದ್ದು ಕಾಣುವ ಹೆಸರು ಶಾರದಾ ಉಗ್ರ ಅವರದು.

ಶಾರದಾ ಅವರು 1989ರಲ್ಲಿ ಮುಂಬಯಿಯ ‘ಮಿಡ್-ಡೇ’ ಪತ್ರಿಕೆಯ ಕ್ರೀಡಾ ವಿಭಾಗವನ್ನು ಸೇರಿದರು. ಆ ವರ್ಷ ಭಾರತದ ಕ್ರಿಕೆಟ್ಟಿಗೆ ನೆನಪಿಡಬೇಕಾದ ವರ್ಷ. ಹದಿನಾರರ ಸಚಿನ್ ತೆಂಡೂಲ್ಕರ್ ಪಾಕಿಸ್ತಾನದಲ್ಲಿ ತನ್ನ ಮೊದಲ ಟೆಸ್ಟ್ ಆಡಿದ್ದು ಆ ನವೆಂಬರಿನಲ್ಲಿಯೇ. ‘ಮಿಡ್-ಡೇ’ ಮಧ್ಯಾಹ್ನ ಓದುಗರ ಕೈ ಸೇರುತ್ತಿದ್ದ ಪತ್ರಿಕೆ. ಇಂಥ ಪತ್ರಿಕೆಯ ವರದಿಗಾರರ ಕಷ್ಟ ಬೇರೆ. ನಿನ್ನೆ ಯಾರು ಗೆದ್ದರು, ಎಷ್ಟು ಓಟ ಬಂತು ಎಂಬುದನ್ನು ಬೆಳಗಿನ ಪತ್ರಿಕೆಗಳು ಆಗಲೇ ಹೇಳಿಬಿಟ್ಟಿರುತ್ತವೆ. ಮಧ್ಯಾಹ್ನ ಓದುವವನಿಗೆ ಅಂಕಿಸಂಖ್ಯೆಗಿಂತ ಹೆಚ್ಚಿನದೇನಾದರೂ ಬೇಕು: ಆಟ ಏಕೆ ಹಾಗಾಯಿತು, ಆಡಿದವನು ಯಾರು, ಎಲ್ಲಿಂದ ಬಂದ, ತೀರ್ಮಾನ ಮಾಡಿದವರು ಯಾರು ಎಂಬ ಸಂಗತಿ. ಅದಕ್ಕಾಗಿ ಮೈದಾನಕ್ಕೆ ಹೋಗಬೇಕು, ಜನರನ್ನು ಮಾತನಾಡಿಸಬೇಕು. ಶಾರದಾ ಅವರ ಮುಂದಿನ ಬರವಣಿಗೆಯಲ್ಲಿ ಆಟದ ಹಿಂದಿನ ಮನುಷ್ಯನನ್ನು ಹುಡುಕುವ ಗುಣ ಎದ್ದು ಕಾಣುತ್ತದೆ. ಮಧ್ಯಾಹ್ನದ ಪತ್ರಿಕೆ ಅದಕ್ಕೆ ತಕ್ಕ ಗರಡಿಯಾಗಿತ್ತೆಂದು ಹೇಳಬಹುದು.

ಅಲ್ಲಿಂದ ಮುಂದೆ ಅವರು ‘ದಿ ಹಿಂದೂ’ ಪತ್ರಿಕೆಗೂ, ಅನಂತರ ‘ಇಂಡಿಯಾ ಟುಡೇ’ ವಾರಪತ್ರಿಕೆಗೂ ಬಂದರು. 2000ದಿಂದೀಚಿನ ಆ ದಶಕ ಭಾರತದ ಕ್ರೀಡಾರಂಗ ತಲೆಕೆಳಗಾದ ಕಾಲ. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಕ್ರಿಕೆಟ್ ಮೋಸದಾಟವನ್ನು ಬಯಲಿಗೆಳೆದರು. ದೇವರೆಂದು ಪೂಜಿಸಿದವರ ಮೇಲೆಯೇ ಸಂಶಯ ಹುಟ್ಟಿತು. ಆ ಬೂದಿಯಿಂದಲೇ ಎದ್ದ ಹೊಸ ತಂಡಕ್ಕೆ ನ್ಯೂಜಿಲೆಂಡಿನ ಜಾನ್ ರೈಟ್ ತರಬೇತುದಾರರಾದರು. 2008ರಲ್ಲಿ ಐಪಿಎಲ್ ಬಂದು ಆಟವೂ ಹಣವೂ ಬಿಡಿಸಲಾಗದಂತೆ ಹೆಣೆದುಕೊಂಡವು. ಆಟವನ್ನು ಬರೆಯುವವರು ಪೊಲೀಸು, ನ್ಯಾಯಾಲಯ, ಮಾರುಕಟ್ಟೆ, ರಾಜಕೀಯ ಎಲ್ಲವನ್ನೂ ಬಲ್ಲವರಾಗಬೇಕಾಯಿತು. ಜಾನ್ ರೈಟ್ ತಮ್ಮ ಭಾರತದ ದಿನಗಳನ್ನು ಕುರಿತು ಬರೆದು 2006ರಲ್ಲಿ ಪ್ರಕಟಿಸಿದ ‘ಇಂಡಿಯನ್ ಸಮ್ಮರ್ಸ್’ ಎಂಬ ಪುಸ್ತಕದ ರಚನೆಯಲ್ಲಿ ಶಾರದಾ ಅವರ ಕೈಯಿದೆ. ಹಾಗೆಯೇ 2011ರ ವಿಶ್ವಕಪ್ಪಿನ ಶ್ರೇಷ್ಠ ಆಟಗಾರನೆನಿಸಿ, ಬೆನ್ನಿಗೇ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬದುಕಿಬಂದ ಯುವರಾಜ್ ಸಿಂಗ್ ಅವರ ಆತ್ಮಕಥನಕ್ಕೂ ಅವರು ಸಹಲೇಖಕಿ. ಇನ್ನೊಬ್ಬರ ಬದುಕನ್ನು ಅವರ ಬಾಯಿಂದ ಕೇಳಿ, ಅವರದೇ ದನಿ ಕೆಡದಂತೆ ಬರೆಯುವುದು ಎಷ್ಟು ಕಠಿಣವೆಂಬುದನ್ನು ಜನಪದ ಕಥೆಗಳನ್ನು ಸಂಗ್ರಹಿಸಿದ ಯಾರಾದರೂ ಬಲ್ಲರು. ತನ್ನನ್ನು ಹಿಂದಕ್ಕೆ ಸರಿಸಿಕೊಳ್ಳಬಲ್ಲವರಿಗೆ ಮಾತ್ರ ಅದು ಸಾಧ್ಯ.

2010ರಲ್ಲಿ ಅವರು ಕ್ರಿಕ್‌ಇನ್ಫೊ ಸಂಸ್ಥೆಗೆ ಹಿರಿಯ ಸಂಪಾದಕಿಯಾಗಿ ಬಂದರು. ಕಾಗದವೇ ಇಲ್ಲದ ಪತ್ರಿಕೆ ಅದು. ಅದರ ಭಾರತದ ಕಚೇರಿ ಬೆಂಗಳೂರಿನಲ್ಲಿದೆ. ಹೀಗೆ ಕರ್ನಾಟಕದ ರಾಜಧಾನಿ ಅವರ ಕಾರ್ಯಕ್ಷೇತ್ರವಾಯಿತು. 2020ರವರೆಗೆ ಅಲ್ಲಿದ್ದು, ಆಮೇಲೆ ಸ್ವತಂತ್ರವಾಗಿ ಬರೆಯತೊಡಗಿದರು. 2023ರಲ್ಲಿ ‘ಕ್ಯಾರವಾನ್’ ಪತ್ರಿಕೆಯಲ್ಲಿ ಕ್ರಿಕೆಟ್ ಆಡಳಿತದ ಮೇಲಿನ ರಾಜಕೀಯ ಹಿಡಿತವನ್ನು ಕುರಿತು ಅವರು ಬರೆದ ದೀರ್ಘ ವರದಿ ದೇಶದಲ್ಲೆಲ್ಲ ಚರ್ಚೆಗೆ ಬಂತು. ಅವರ ಅಭಿಪ್ರಾಯಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಆಟಗಾರನ ಹೊಗಳಿಕೆಯಲ್ಲಿ ಮುಗಿಯಬಹುದಾಗಿದ್ದ ಬರವಣಿಗೆಯನ್ನು ಆಟದ ಲೆಕ್ಕ ಕೇಳುವ ಬರವಣಿಗೆಯಾಗಿ ಬೆಳೆಸಿದವರಲ್ಲಿ ಅವರೊಬ್ಬರೆಂಬುದನ್ನು ಒಪ್ಪದಿರಲಾಗದು. ಹೆಣ್ಣಾದ್ದರಿಂದ ಹೆಂಗಸರ ಆಟವನ್ನಷ್ಟೇ ಬರೆಯಲಿ ಎಂಬ ಗೆರೆಯನ್ನು ಅವರು ದಾಟಿದರು. ಹಾಗೆಂದು ಹೆಂಗಸರ ಆಟವನ್ನು ಕೈಬಿಡಲೂ ಇಲ್ಲ.

ಈಗ ಹಿಂದೆ ಬಿಟ್ಟ ಪ್ರಶ್ನೆಗೆ ಬರೋಣ: ಆಡದವಳಿಗೆ ಆಟ ಏನು ತಿಳಿದೀತು? ಪಂಪ ಕತ್ತಿ ಹಿಡಿದ ಕವಿ, ಸರಿ. ಆದರೆ ಕನ್ನಡದಲ್ಲಿ ಗದೆಯ ಕಾಳಗವನ್ನು ಕಣ್ಣಿಗೆ ಕಟ್ಟುವಂತೆ ಬರೆದ ರನ್ನ ಯಾರು? ಮುಧೋಳದ ಬಳೆಗಾರರ ಮನೆಯ ಮಗ. ಭೀಮ ದುರ್ಯೋಧನರ ಕಾಳಗ ಅವನ ಕಾವ್ಯದಲ್ಲಿ ಗುಡುಗುವುದಕ್ಕೆ ಅವನು ಗದೆಯನ್ನು ತಿರುಗಿಸಿರಬೇಕಾದದ್ದೇನೂ ಇಲ್ಲ. ನೋಡುವ ಕಣ್ಣು, ಮಿಡಿಯುವ ಮನಸ್ಸು, ಮಾತಿನ ಬಲ ಇವಿದ್ದರೆ ಸಾಕಾಯಿತು. ಪತ್ರಿಕೆಯ ಗಂಡು ವರದಿಗಾರರೆಲ್ಲ ಟೆಸ್ಟ್ ಆಡಿ ಬಂದವರೂ ಅಲ್ಲ. ಅವರನ್ನು ಯಾರೂ ಕೇಳದ ಪ್ರಶ್ನೆಯನ್ನು ಹೆಣ್ಣಿಗೆ ಮಾತ್ರ ಕೇಳುವುದು ತರ್ಕವಲ್ಲ, ರೂಢಿ. ನಮ್ಮ ಭಾಷೆಯಾದರೋ ಎಂದೋ ಸಿದ್ಧವಾಗಿತ್ತು. ಹಾಡುಗಾರನಿಗೆ ಹಾಡುಗಾರ್ತಿ, ಮಾಟಗಾರನಿಗೆ ಮಾಟಗಾತಿ ಇರುವಂತೆ ಆಟಗಾರನಿಗೆ ಆಟಗಾರ್ತಿ, ವರದಿಗಾರನಿಗೆ ವರದಿಗಾರ್ತಿ ಎಂದು ಯಾವ ಆಯಾಸವೂ ಇಲ್ಲದೆ ಪ್ರತ್ಯಯ ಹಚ್ಚಿಕೊಳ್ಳಬಲ್ಲ ಭಾಷೆ ಇದು. ವ್ಯಾಕರಣ ಕೊಟ್ಟ ಸ್ಥಾನವನ್ನು ಸಮಾಜ ಕೊಡಲು ತಡಮಾಡಿತು, ಅಷ್ಟೆ.

ಕಾಲ ಈಗ ಬದಲಾಗಿದೆ. 2017ರಲ್ಲಿ ಲಾರ್ಡ್ಸ್ ಮೈದಾನದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಭಾರತದ ಪರ ಆಡಿದರು. 2024ರಲ್ಲಿ ಬೆಂಗಳೂರಿನ ಹೆಸರು ಹೊತ್ತ ಮಹಿಳಾ ತಂಡ ಲೀಗ್ ಪ್ರಶಸ್ತಿಯನ್ನು ಗೆದ್ದಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ಭಾರತದ ವನಿತೆಯರು ವಿಶ್ವಕಪ್ಪನ್ನೇ ಎತ್ತಿಹಿಡಿದರು. ಇವೆಲ್ಲ ಪತ್ರಿಕೆಗಳ ಮೊದಲ ಪುಟದಲ್ಲಿ ಬಂದವು, ಬರಲೇಬೇಕಿತ್ತು. ಆದರೆ ವಿಶ್ವಕಪ್ ಗೆದ್ದವರನ್ನು ಬರೆಯುವುದು ಸುಲಭ. ಹೋಬಳಿ ಮಟ್ಟದ ಕೊಕ್ಕೊ ಪಂದ್ಯದಲ್ಲಿ ಗೆದ್ದ ಹಳ್ಳಿಯ ಹುಡುಗಿಯರ ಸುದ್ದಿ ಇಂದಿಗೂ ಎಷ್ಟೋ ಸಲ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ‘ಬಾಲಕಿಯರ ವಿಭಾಗದಲ್ಲಿ’ ಇಂಥ ಶಾಲೆ ಪ್ರಥಮ. ಶಾಲೆಯ ಹೆಸರಿರುತ್ತದೆ, ಬಹುಮಾನ ಹಂಚಿದ ಗಣ್ಯರ ಹೆಸರುಗಳು ಸಾಲಾಗಿ ಇರುತ್ತವೆ. ಓಡಿದ ಹುಡುಗಿಯ ಹೆಸರು ಮಾತ್ರ ಇರುವುದಿಲ್ಲ. ಅಧ್ಯಾಪಕನಾಗಿದ್ದ ದಿನಗಳಲ್ಲಿ ಅಂಥ ಹಲವು ತುಣುಕುಗಳನ್ನು ಓದಿ, ಆ ಹೆಸರು ಬೇಕಾಗಿದ್ದದ್ದು ನಮಗಲ್ಲದಿದ್ದರೂ ಅವಳ ತಾಯಿಗಲ್ಲವೇ ಎಂದುಕೊಂಡದ್ದುಂಟು. ಆ ತುಣುಕನ್ನು ಕತ್ತರಿಸಿ ದೇವರ ಪಟದ ಹಿಂದೆ ಸಿಕ್ಕಿಸಿಡುವವರು ಆಕೆ. ಮುಂದಿನ ವರ್ಷ ಮಗಳನ್ನು ಆಟಕ್ಕೆ ಕಳುಹಿಸಬೇಕೆ, ಓದು ಬಿಡಿಸಿ ಮದುವೆ ಮಾಡಬೇಕೆ ಎಂಬ ಮಾತು ಮನೆಯಲ್ಲಿ ಎದ್ದಾಗ ಆ ಒಂದು ಸಾಲೂ ಸಾಕ್ಷಿ ಹೇಳಬಲ್ಲದು.

ಆದ್ದರಿಂದ ಆಟದ ಪುಟದಲ್ಲಿ ಹೆಣ್ಣಿನ ಲೇಖನಿ ಬೇಕೆಂಬುದು ಕೇವಲ ನೌಕರಿಯ ಸಮಪಾಲಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಯಾರ ಹೆಸರು ದಾಖಲೆಯಾಗಬೇಕು, ಯಾರದು ಧೂಳಿನಲ್ಲಿ ಕಲೆಯಬೇಕು ಎಂಬುದರ ಪ್ರಶ್ನೆ ಅದು. ತಿರುಮಲಾಂಬಾ ಅವರು ಪತ್ರಿಕೆ ಹೊರಡಿಸಿ ನೂರು ವರ್ಷ ಕಳೆದಿವೆ. ಶಾರದಾ ಉಗ್ರ ಅವರು ಮುಂಬಯಿಯ ಮೈದಾನಗಳಿಗೆ ಹೊರಟು ಮೂವತ್ತೈದು ವರ್ಷಗಳು ಮೀರಿವೆ. ಇಂಗ್ಲಿಷಿನಲ್ಲಿ ಅವರು ತೆರೆದ ಹಾದಿಯಲ್ಲಿ ಕನ್ನಡದ ಹೆಣ್ಣುಮಕ್ಕಳು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ನಡೆಯಬೇಕಾಗಿದೆ. ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಮ್ಮ ಜಿಲ್ಲೆಯ ವಿದ್ಯಾರ್ಥಿನಿಯರು ಮೊದಲ ವರದಿಗಾಗಿ ಲಾರ್ಡ್ಸ್‌ವರೆಗೆ ಹೋಗಬೇಕಾಗಿಲ್ಲ. ತಮ್ಮ ತಾಲ್ಲೂಕಿನ ಕ್ರೀಡಾಕೂಟಕ್ಕೆ ಹೋಗಲಿ. ಗೆದ್ದ ಹುಡುಗಿಯನ್ನೂ ಸೋತ ಹುಡುಗಿಯನ್ನೂ ಮಾತನಾಡಿಸಲಿ. ಇಬ್ಬರ ಹೆಸರನ್ನೂ ಕಾಗುಣಿತ ತಪ್ಪದೆ ಬರೆಯಲಿ. ಸಂಪಾದಕರು ಅದಕ್ಕೆ ನಾಲ್ಕು ಅಂಗುಲ ಜಾಗ ಕೊಡಲಿ. ತಾಮ್ರಪಟಕ್ಕೆ ಹೋಲಿಸಿದರೆ ಪತ್ರಿಕೆಯ ಕಾಗದ ಬಹು ಬೇಗ ಹಳದಿಯಾಗುವಂಥದು. ಆದರೂ ಒಂದು ಹೆಸರು ಒಂದು ತಲೆಮಾರು ಉಳಿಯಲು ಅಷ್ಟು ಸಾಕು. ಮುಂದಿನ ತಲೆಮಾರು ಅದನ್ನು ಓದಿ ತಾನೇ ಮೈದಾನಕ್ಕೆ ಇಳಿಯುತ್ತದೆ.